ಡಿಸ್ನಿ ವರ್ಲ್ಡ್‌ನಲ್ಲಿ ಆರು ದಿನ: ಮಕ್ಕಳ ಹೊಟ್ಟೆಗೆ ಫ್ರೈಸ್ ಬಿಟ್ಟು ಬೇರೇನು?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಜೂನ್ ಎರಡನೆಯ ವಾರ ಓಹಾಯೋದಿಂದ ಒರ್ಲ್ಯಾಂಡೊಗೆ ಹೊರಟಿದ್ದೇವೆ. ನಾವಿಬ್ಬರು, ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ, ಜೊತೆಗೆ ಶಿವಮೊಗ್ಗದಿಂದ ಬಂದಿರುವ ನಮ್ಮ ಅತ್ತೆ. ನಾಲ್ಕು ದಿನ ಡಿಸ್ನಿಯ ನಾಲ್ಕು ಪಾರ್ಕ್ (ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್), ಒಂದು ದಿನ ಅದೇ ಊರಿನ ಇನ್ನೊಂದು ಕಂಪನಿಯ ಥೀಮ್ ಪಾರ್ಕ್ ಯೂನಿವರ್ಸಲ್, ಒಂದು ದಿನ ವಿಶ್ರಾಂತಿ. ಟಿಕೆಟ್, ಹೋಟೆಲು ಎಲ್ಲವೂ ಆಗಿದೆ. ಬಗೆಹರಿಯದೆ ಉಳಿದಿರುವುದು ಊಟ.

ನಾವು ಸಸ್ಯಾಹಾರಿಗಳು. ಮಕ್ಕಳು ಮೊಟ್ಟೆ ತಿನ್ನುತ್ತಾರೆ, ಅತ್ತೆ ಮುಟ್ಟುವುದಿಲ್ಲ. ಎರಡು ವರ್ಷದ ಹಿಂದೆ ಬೇರೊಂದು ಊರಿನ ಥೀಮ್ ಪಾರ್ಕಿನಲ್ಲಿ ಮೂರು ದಿನ ಕಳೆದಿದ್ದೆವು. ಚೀಸ್ ಪಿಜ್ಜಾ, ಫ್ರೈಸ್, ಮ್ಯಾಕರೋನಿ ಚೀಸ್; ಮರುದಿನ ಅದೇ ಮೂರು ಬೇರೆ ಕ್ರಮದಲ್ಲಿ. ಮೂರನೆಯ ದಿನದ ಹೊತ್ತಿಗೆ ಮಗಳಿಗೆ ಮಲಬದ್ಧತೆ, ಮಗನಿಗೆ ಹೊಟ್ಟೆನೋವು, ನನಗೆ ಇಬ್ಬರ ಮೇಲೂ ಸಿಟ್ಟು. ಮನೆಗೆ ಬಂದ ರಾತ್ರಿ ಬರೀ ತಿಳಿಸಾರು, ಅನ್ನ ಮಾಡಿದ್ದೆ. ಇಬ್ಬರೂ ತುಟಿ ಬಿಚ್ಚದೆ ಎರಡೆರಡು ಸಲ ಬಡಿಸಿಕೊಂಡು ಉಂಡರು.

ಆ ಕಥೆ ಮತ್ತೆ ಆಗಬಾರದು. ಹೊರಗಿನ ತಿಂಡಿಯನ್ನು ಒಳಗೆ ಬಿಡುತ್ತಾರೆಯೇ? ಅಲ್ಲಿ ಸಿಗುವುದರಲ್ಲಿ ಮಕ್ಕಳಿಗೆ ಹಿಡಿಸುವಂಥದ್ದು, ಹೊಟ್ಟೆಗೂ ಹಿತವಾದದ್ದು ಯಾವುದು? ಮಗಳು ಹೊಸ ರುಚಿ ಎಂದರೆ ಮುಂದೆ ಬರುತ್ತಾಳೆ. ಮಗ ಬಿಳಿ ಬಣ್ಣದ ಆಹಾರವನ್ನಷ್ಟೇ ಒಪ್ಪುವ ಸನ್ಯಾಸಿ: ಅನ್ನ, ಮೊಸರು, ಇಡ್ಲಿ, ಬಾಳೆಹಣ್ಣು. ಹೋಗಿ ಬಂದವರು ದಯವಿಟ್ಟು ಬರೆಯಿರಿ.

ಟ್ಯಾಂಪಾ ಕನ್ನಡಿಗ:
ನಾನು ಅಲ್ಲಿಂದ ಒಂದೂವರೆ ಗಂಟೆಯ ದಾರಿಯಲ್ಲಿರುವವನು. ಊರಿನಿಂದ ಯಾರೇ ನೆಂಟರು ಬಂದರೂ ಅವರನ್ನು ಅಲ್ಲಿಗೆ ಕರೆದೊಯ್ಯುವ ಭಾಗ್ಯ ನನ್ನದು. ಧರ್ಮಸ್ಥಳಕ್ಕೆ ಹೋದದ್ದಕ್ಕಿಂತ ಹೆಚ್ಚು ಸಲ ಡಿಸ್ನಿಗೆ ಹೋಗಿದ್ದೇನೆ ಎಂದು ಅಮ್ಮ ಇಂದಿಗೂ ಹಂಗಿಸುತ್ತಾಳೆ.

ಮೊದಲು ನಿಮ್ಮ ಮುಖ್ಯ ಪ್ರಶ್ನೆ. ಡಿಸ್ನಿ ವರ್ಲ್ಡ್‌ನ ನಾಲ್ಕೂ ಪಾರ್ಕ್‌ಗಳಿಗೆ ನಿಮ್ಮ ಮನೆಯವರಿಗಾಗುವಷ್ಟು ತಿಂಡಿ, ನೀರು ಒಯ್ಯಬಹುದು. ಗಾಜಿನ ಪಾತ್ರೆ ಕೂಡದು, ಮಗುವಿನ ಆಹಾರದ ಸಣ್ಣ ಗಾಜಿನ ಸೀಸೆಗಷ್ಟೇ ವಿನಾಯಿತಿ. ಬಿಸಿ ಮಾಡಬೇಕಾದ ಪದಾರ್ಥ, ಮೂಗಿಗೆ ಬಡಿಯುವ ವಾಸನೆಯ ಪದಾರ್ಥ ಬೇಡ. ಬಿಡಿ ಮಂಜುಗಡ್ಡೆ ತುಂಬಿದ ಪೆಟ್ಟಿಗೆಯನ್ನು ಬಿಡುವುದಿಲ್ಲ. ಫ್ರಿಜ್‌ನಲ್ಲಿ ಗಟ್ಟಿ ಮಾಡಿದ ಐಸ್ ಪ್ಯಾಕ್ ಇಟ್ಟ ಸಣ್ಣ ಚೀಲಕ್ಕೆ ತೊಂದರೆಯಿಲ್ಲ.

ಯೂನಿವರ್ಸಲ್ ಲೆಕ್ಕವೇ ಬೇರೆ. ಅಲ್ಲಿ ನೀರು, ಸಣ್ಣಪುಟ್ಟ ಕುರುಕಲು, ಮಗುವಿನ ಆಹಾರ, ವೈದ್ಯಕೀಯ ಕಾರಣಕ್ಕೆ ಬೇಕಾದ ಆಹಾರ ಇಷ್ಟಕ್ಕೆ ಮಾತ್ರ ಅನುಮತಿ. ಊಟದ ಡಬ್ಬಿ ಕಟ್ಟಿಕೊಂಡು ಹೋಗಿ ಬಾಗಿಲಲ್ಲಿ ಪೆಚ್ಚಾಗಬೇಡಿ. ಹಳೆಯ ಎರಡು ಪಾರ್ಕ್‌ಗಳ ಬಾಗಿಲಿಗೆ ಹೊಂದಿಕೊಂಡೇ ಸಿಟಿವಾಕ್ ಎಂಬ ಅಂಗಡಿ, ಹೋಟೆಲುಗಳ ಬೀದಿ ಇದೆ. ನಡುವೆ ಹೊರಬಂದು ಅಲ್ಲಿ ಉಂಡು ಮತ್ತೆ ಒಳಗೆ ಹೋಗಬಹುದು. 2025ರ ಮೇ 22ರಂದು ತೆರೆದ ಅವರ ಹೊಸ ಪಾರ್ಕ್ ಎಪಿಕ್ ಯೂನಿವರ್ಸ್ ಇರುವುದು ಬೇರೆ ಕಡೆ, ಅಲ್ಲಿಗೆ ಈ ಉಪಾಯ ನಡೆಯುವುದಿಲ್ಲ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ನಾನು ನೋಡಿದ ಮಟ್ಟಿಗೆ ಮಕ್ಕಳ ಹೊಟ್ಟೆ ಕೆಡಿಸುವುದು ತಟ್ಟೆಗಿಂತ ಹೆಚ್ಚಾಗಿ ಗಡಿಯಾರ. ಮಧ್ಯಾಹ್ನ ಒಂದಕ್ಕೆ ಹಸಿದು ಅಳುವ ಮಗುವನ್ನು ಎತ್ತಿಕೊಂಡು ಬಿಸಿಲಲ್ಲಿ ಸಾಲಿನಲ್ಲಿ ನಿಂತ ತಂದೆ ಕೈಗೆ ಮೊದಲು ಸಿಕ್ಕಿದ್ದನ್ನು ಕೊಡುತ್ತಾನೆ, ಅದು ಫ್ರೈಸ್ ಆಗಿರುತ್ತದೆ. ಆದ್ದರಿಂದ ಊಟ ಹನ್ನೊಂದಕ್ಕೆ. ನಗಬೇಡಿ. ಪಾರ್ಕ್ ತೆರೆಯುವ ಮೊದಲೇ ಹೋಗಿ ನಿಂತವರಿಗೆ ಹನ್ನೊಂದು ಎಂದರೆ ಮಧ್ಯಾಹ್ನವೇ. ಡಿಸ್ನಿಯ ಆ್ಯಪ್‌ನಲ್ಲಿ ಮೊದಲೇ ಆಯ್ದು ಹಣ ಕೊಟ್ಟಿಟ್ಟು, ಹೋಟೆಲಿನ ಹತ್ತಿರ ಬಂದಾಗ ಬಂದಿದ್ದೇವೆ ಎಂದು ಒತ್ತಿದರೆ ಸಾಲಿಲ್ಲದೆ ತಟ್ಟೆ ಕೈಗೆ ಬರುತ್ತದೆ. ಇದರ ದೊಡ್ಡ ಲಾಭ ಬೇರೆಯೇ ಇದೆ: ಏನು ತಿನ್ನುವುದೆಂದು ಹಿಂದಿನ ರಾತ್ರಿ, ಹೊಟ್ಟೆ ತುಂಬಿರುವಾಗ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತೀರ್ಮಾನಿಸಬಹುದು.

ಚಟ್ನಿಪುಡಿ:
ನನಗೆ ರೈಡುಗಳ ವಿಷಯ ಗೊತ್ತಿಲ್ಲ, ಡಬ್ಬಿಯ ವಿಷಯ ಗೊತ್ತು. ನಾಲ್ಕು ಮಕ್ಕಳನ್ನು (ಎರಡು ನನ್ನವು, ಎರಡು ನಾದಿನಿಯವು) ಕಟ್ಟಿಕೊಂಡು ಐದು ದಿನ ಅಲ್ಲಿದ್ದೆ.

ತಂಗೀ, ಮೊದಲು ರಾಗಿ ಹುರಿಹಿಟ್ಟು ಒಯ್ಯಿ. ಒಲೆ ಬೇಡ, ಬಿಸಿನೀರೂ ಬೇಡ. ಹೋಟೆಲಿನ ಕೋಣೆಯಲ್ಲಿ ಬೆಳಿಗ್ಗೆ ತಣ್ಣನೆಯ ಹಾಲು, ಬೆಲ್ಲದಪುಡಿ ಹಾಕಿ ಲೋಟದಲ್ಲಿ ಕದಡಿದರೆ ಆಯಿತು. ಅದನ್ನು ಕುಡಿದ ಮಗು ಹತ್ತೂವರೆಯವರೆಗೆ ಹಸಿವು ಎನ್ನುವುದಿಲ್ಲ. ಅಮೆರಿಕದ ಪೊಟ್ಟಣದ ಸಿರಿಯಲ್‌ಗಳು ಒಂದು ಗಂಟೆಗೇ ಕರಗಿಹೋಗುತ್ತವೆ.

ಎರಡನೆಯದು ಗೊಜ್ಜವಲಕ್ಕಿ. ಪುಡಿ ಮಾಡಿದ ಅವಲಕ್ಕಿಗೆ ಹುಣಸೆ, ಬೆಲ್ಲ, ಸಾರಿನಪುಡಿ ಎಲ್ಲ ಬೆರೆಸಿ, ಒಗ್ಗರಣೆ ಹಾಕಿ ಒಣಗಿದ ಹಾಗೇ ಮನೆಯಿಂದಲೇ ಒಯ್ದರೆ, ಅಲ್ಲಿ ನೀರು ಚಿಮುಕಿಸಿ ಕಾಲು ಗಂಟೆ ಮುಚ್ಚಿಟ್ಟರೆ ಸಾಕು. ಮೂರನೆಯದು ಮೆಂತ್ಯಸೊಪ್ಪಿನ ಚಪಾತಿ, ಹಾಲು ಹಾಕಿ ಕಲಸಿದ್ದು, ಮೆತ್ತಗಿರುತ್ತದೆ. ಒಳಗೆ ತುಪ್ಪ, ಚಟ್ನಿಪುಡಿ ಸವರಿ ಸುರುಳಿ ಸುತ್ತಿದರೆ ಮಕ್ಕಳು ಸಾಲಿನಲ್ಲಿ ನಿಂತೇ ತಿನ್ನುತ್ತಾರೆ. ಇದರ ಜೊತೆ ಹುರಿಗಡಲೆ, ಖರ್ಜೂರ, ಎಳ್ಳು ಚಿಕ್ಕಿ.

ನಿನ್ನ ಬಿಳಿ ಸನ್ಯಾಸಿಗೆ ಮೊಸರನ್ನ. ಅನ್ನಕ್ಕೆ ಹಾಲು ಜಾಸ್ತಿ, ಮೊಸರು ಒಂದೇ ಚಮಚ ಹಾಕಿ ಕಲಸಿದರೆ ಮಧ್ಯಾಹ್ನದ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ, ಹುಳಿಯಾಗಿರುವುದಿಲ್ಲ. ಬೆನ್ನಚೀಲದಲ್ಲಿ ಹಾಕಿಕೊಂಡು ಮಧ್ಯಾಹ್ನದವರೆಗೆ ಸುತ್ತಬಹುದು.

ಅಮ್ಮನ ಡೈರಿ:
ಚಟ್ನಿಪುಡಿ ಅಕ್ಕ, ಎಲ್ಲವೂ ಬಾಯಲ್ಲಿ ನೀರೂರಿಸುತ್ತಿದೆ, ಕೊನೆಯ ಸಾಲೊಂದಕ್ಕೆ ನನ್ನ ತಕರಾರು. ಜೂನ್ ತಿಂಗಳ ಫ್ಲಾರಿಡಾದಲ್ಲಿ ಐಸ್ ಇಲ್ಲದ ಚೀಲದಲ್ಲಿ ಅನ್ನ ಇಟ್ಟುಕೊಂಡು ಸುತ್ತುವುದು ಬೇಡವೇ ಬೇಡ. ಬೇಯಿಸಿದ ಆಹಾರ ಫ್ರಿಜ್‌ನ ಹೊರಗೆ ಎರಡು ಗಂಟೆ ಮೀರಬಾರದು, 32 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ಒಂದೇ ಗಂಟೆ ಎಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಅನ್ನದಲ್ಲಿ ಬೆಂದರೂ ಸಾಯದ ಬ್ಯಾಕ್ಟೀರಿಯಾ ಬೀಜಕಗಳಿರುತ್ತವೆ, ಬೆಚ್ಚಗೆ ಇಟ್ಟಷ್ಟೂ ಬೆಳೆಯುತ್ತವೆ. ರುಚಿ, ವಾಸನೆ ಬದಲಾಗುವುದಿಲ್ಲವಾದ್ದರಿಂದ ತಿಳಿಯುವುದೂ ಇಲ್ಲ.

ಚಟ್ನಿಪುಡಿ:
ನಮ್ಮ ಅಜ್ಜಿ ಕಾಶಿಗೆ ಹೋಗುವಾಗ ರೈಲಿನಲ್ಲಿ ಎರಡು ದಿನ ಪುಳಿಯೋಗರೆ ತಿಂದಿದ್ದಾಳಮ್ಮಾ.

ಅಮ್ಮನ ಡೈರಿ:
ತಿಂದಿರುತ್ತಾರೆ ಅಕ್ಕ, ಅದರಲ್ಲಿ ಹುಣಸೆಹುಳಿಯೂ ಎಣ್ಣೆಯೂ ಮುಳುಗುವಷ್ಟಿರುತ್ತಿತ್ತು. ಹಾಲು ಹಾಕಿದ ಅನ್ನಕ್ಕೂ ಅದಕ್ಕೂ ಹೋಲಿಕೆ ಇಲ್ಲ. ಅಜ್ಜಿಗೆ ಮಧ್ಯರಾತ್ರಿ ಹೊಟ್ಟೆ ಕೆಟ್ಟಿದ್ದರೆ ಯಾರಿಗೂ ಹೇಳಿರುವುದೂ ಇಲ್ಲ.

ತುಂಗಾತೀರ ಅವರಿಗೆ ಒಂದು ಉಪಾಯ: ರಾತ್ರಿ ಎರಡು ನೀರಿನ ಬಾಟಲಿಗಳನ್ನು ಮುಕ್ಕಾಲು ತುಂಬಿಸಿ ಫ್ರೀಜರಿನಲ್ಲಿ ಗಟ್ಟಿ ಮಾಡಿ. ಬೆಳಿಗ್ಗೆ ಅವುಗಳ ನಡುವೆ ಮೊಸರನ್ನದ ಡಬ್ಬಿ. ಹನ್ನೊಂದಕ್ಕೆ ಅನ್ನ ತಣ್ಣಗಿರುತ್ತದೆ, ಎರಡಕ್ಕೆ ಕುಡಿಯಲು ತಣ್ಣೀರೂ ಆಯಿತು. ನನ್ನ ಮಗನಿಗೆ ಟೈಪ್ 1 ಮಧುಮೇಹ, ಇನ್ಸುಲಿನ್ ತಂಪಾಗಿಡಲು ಹೇಗಿದ್ದರೂ ಐಸ್ ಪ್ಯಾಕ್ ಒಯ್ಯಲೇಬೇಕು. ಹಾಗಾಗಿ ನಮ್ಮ ಚೀಲದಲ್ಲಿ ಇನ್ಸುಲಿನ್ ಒಂದು ಕಡೆ, ಮೊಸರು ಇನ್ನೊಂದು ಕಡೆ. ಅವನ ವಿಷಯದಲ್ಲಿ ಇನ್ನೊಂದು ಪಾಠವೂ ಆಯಿತು: ದಿನವಿಡೀ ನಡೆದು ನಡೆದು ಸಕ್ಕರೆ ನಾವೆಣಿಸಿದ್ದಕ್ಕಿಂತ ಬೇಗ ಇಳಿಯುತ್ತದೆ. ಮೊದಲ ದಿನ ರಾತ್ರಿ ಎರಡು ಸಲ ಎಬ್ಬಿಸಿ ಹಣ್ಣಿನ ರಸ ಕುಡಿಸಿದೆ. ಇಂಥ ಮಕ್ಕಳಿರುವವರು ಹೊರಡುವ ಮುನ್ನ ತಮ್ಮ ವೈದ್ಯರ ಹತ್ತಿರ ಪ್ರಮಾಣದ ಬಗ್ಗೆ ಮಾತಾಡಿಕೊಳ್ಳಿ.

ಹಳೇ ಮೈಸೂರು:
ನಾನು ಮೂವರು ಮೊಮ್ಮಕ್ಕಳ ತಾತ. ನಿಮ್ಮ ಮಾತುಕತೆ ಓದಿ ನಗು ಬಂತು. ಜೀವಮಾನದಲ್ಲಿ ಒಮ್ಮೆ ಹೋಗುವ ಜಾಗ. ಆರು ದಿನ ಮಕ್ಕಳು ಫ್ರೈಸ್ ತಿಂದರೆ ಆಕಾಶ ಕಳಚಿ ಬೀಳುವುದಿಲ್ಲ. ನಾವು ದಸರೆಯ ವಸ್ತುಪ್ರದರ್ಶನಕ್ಕೆ ಹೋದರೆ ಅಪ್ಪ ಕೊಡಿಸುತ್ತಿದ್ದದ್ದು ದೆಹಲಿ ಹಪ್ಪಳ, ಚುರುಮುರಿ, ಮಸಾಲೆ ಹಾಕಿದ ಮಾವಿನಕಾಯಿ. ಅಲ್ಲಿಗೂ ಹುರಿಹಿಟ್ಟಿನ ಡಬ್ಬಿ ಕಟ್ಟಿಕೊಟ್ಟಿದ್ದರೆ ನಾನು ಮನೆ ಬಿಟ್ಟು ಓಡಿಹೋಗುತ್ತಿದ್ದೆ. ಮಕ್ಕಳಿಗೆ ಜಾತ್ರೆಯನ್ನು ಜಾತ್ರೆಯಾಗಿ ಅನುಭವಿಸಲು ಬಿಡಿ ತಾಯಂದಿರೇ.

ತುಂಗಾತೀರ:
ರಾಯರೇ, ವಸ್ತುಪ್ರದರ್ಶನ ಒಂದು ಸಂಜೆ. ಇದು ಆರು ದಿನ, ದಿನಕ್ಕೆ ಹತ್ತು ಹನ್ನೆರಡು ಗಂಟೆ. ಮಲಬದ್ಧತೆಯ ಮಗಳನ್ನು ಕರೆದುಕೊಂಡು ಶೌಚಾಲಯದ ಬಾಗಿಲಲ್ಲಿ ಮುಕ್ಕಾಲು ಗಂಟೆ ನಿಂತವಳು ನಾನು. ಆ ಮುಕ್ಕಾಲು ಗಂಟೆಯ ಟಿಕೆಟ್ ಹಣವನ್ನೂ ಲೆಕ್ಕ ಹಾಕಿದ್ದೇನೆ!

ಹಳೇ ಮೈಸೂರು:
ಅದು ನನ್ನ ತಲೆಗೆ ಹೊಳೆದಿರಲಿಲ್ಲ. ಮಾತು ಹಿಂತೆಗೆದುಕೊಂಡೆ. ಆದರೂ ದಿನಕ್ಕೊಂದು ಹಪ್ಪಳ ಇರಲಿ.

ಬಿಡದಿ ಪಕ್ಕದವಳು:
ನೀವು ಪುಣ್ಯವಂತರು. ನಮ್ಮ ಬಿಡದಿಯ ವಂಡರ್‌ಲಾದಲ್ಲಿ ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲ. ಆದರೂ ನಮಗೆ ಈ ತಲೆನೋವಿಲ್ಲ, ಏಕೆಂದರೆ ಒಳಗೇ ದಕ್ಷಿಣ ಭಾರತದ ಊಟ ಸಿಗುತ್ತದೆ, ಅದೂ ಒಂದೇ ದಿನದ ಮಾತು. ಬೆಳಿಗ್ಗೆ ಮೈಸೂರು ರಸ್ತೆಯಲ್ಲಿ ತಟ್ಟೆ ಇಡ್ಲಿ ತಿನ್ನಿಸಿಕೊಂಡೇ ಹೋಗುತ್ತೇವೆ. ಬಿಡದಿಗೆ ಬಂದು ತಟ್ಟೆ ಇಡ್ಲಿ ತಿನ್ನದೆ ಹೋದರೆ ಅದೂ ಒಂದು ಪಾಪವೇ.

ಎಂಟು ತಿಂಗಳ ಅಮ್ಮ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾವೂ ಸೆಪ್ಟೆಂಬರ್‌ನಲ್ಲಿ ಹೋಗುತ್ತಿದ್ದೇವೆ, ಮಗಳಿಗೆ ಎಂಟು ತಿಂಗಳು. ರಾಗಿ ಸರಿ ಬಿಟ್ಟು ಬೇರೆ ತಿನ್ನುವುದಿಲ್ಲ. ಅಲ್ಲಿ ಬಿಸಿ ಮಾಡಿಕೊಳ್ಳಲು ಎಲ್ಲಾದರೂ ಜಾಗವಿದೆಯೇ?

ಟ್ಯಾಂಪಾ ಕನ್ನಡಿಗ:
ಇದೆ. ನಾಲ್ಕೂ ಪಾರ್ಕ್‌ಗಳಲ್ಲಿ ಬೇಬಿ ಕೇರ್ ಸೆಂಟರ್ ಎಂದು ಒಂದೊಂದು ತಂಪಾದ ಕೋಣೆ ಇದೆ. ಮೈಕ್ರೋವೇವ್, ತೊಳೆಯುವ ಸಿಂಕು, ಮಗುವನ್ನು ಕೂರಿಸುವ ಎತ್ತರದ ಕುರ್ಚಿ, ಹಾಲುಣಿಸಲು ಮರೆಯಾದ ಜಾಗ ಎಲ್ಲವೂ ಉಂಟು. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಹೋಟೆಲಿನ ಪಕ್ಕ. ಸರಿಯನ್ನು ಗಟ್ಟಿಯಾಗಿ ಕಾಸಿ, ಐಸ್ ಪ್ಯಾಕ್ ಜೊತೆ ಒಯ್ದು, ಅಲ್ಲಿ ಸ್ವಲ್ಪ ನೀರು ಬೆರೆಸಿ ಬಿಸಿ ಮಾಡಿ, ಚೆನ್ನಾಗಿ ಕಲಕಿ ಕೊಡಿ. ಮೈಕ್ರೋವೇವ್‌ನಲ್ಲಿ ಮೇಲೆ ತಣ್ಣಗಿದ್ದು ಒಳಗೆ ಸುಡುತ್ತಿರುತ್ತದೆ. ಮೂರು ವರ್ಷದೊಳಗಿನ ಮಗುವಿಗೆ ಪಾರ್ಕಿಗೆ ಟಿಕೆಟ್ ಬೇಡ, ಬಫೆ ಹೋಟೆಲುಗಳಲ್ಲೂ ಹಣವಿಲ್ಲ.

ಕುಡ್ಲದವ:
ನಾನು ಮೀನು ತಿನ್ನುವವ, ಹೆಂಡತಿ ತಿನ್ನುವುದಿಲ್ಲ, ಮಕ್ಕಳು ದಿನಕ್ಕೊಂದು ಪಕ್ಷ. ಆದ್ದರಿಂದ ಎರಡೂ ಕಡೆಯ ಸಾಕ್ಷಿ ನಾನು ಹೇಳಬಲ್ಲೆ.

ಸಸ್ಯಾಹಾರಿಗಳು ಕಣ್ಣಿಗೆ ಕಾಣುವ ಮಾಂಸವನ್ನಷ್ಟೇ ನೋಡಿ ನಿಶ್ಚಿಂತರಾಗಬಾರದು. ತರಕಾರಿ ಸೂಪಿಗೆ ಕೋಳಿಯ ಸಾರು ಬಳಸಿರಬಹುದು. ಅನ್ನವನ್ನು ಅದರಲ್ಲೇ ಬೇಯಿಸಿರಬಹುದು. ಎಪ್ಕಾಟ್‌ನ ಜಪಾನ್ ವಿಭಾಗದಲ್ಲಿ ನೂಡಲ್ಸ್ ಸಾರು ಕಂಡು ಮಕ್ಕಳು ಕುಣಿಯುತ್ತಾರೆ, ಜಪಾನೀ ಸಾರಿಗೆ ಸಾಮಾನ್ಯವಾಗಿ ಮೀನಿನ ಸತ್ವ ಆಧಾರ. ಮಾರ್ಷ್‌ಮ್ಯಾಲೋ ಎಂದರೆ ಜೆಲಾಟಿನ್, ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು. ಫ್ರೈಸ್ ಕರಿದ ಎಣ್ಣೆಯಲ್ಲೇ ಕೋಳಿಯನ್ನೂ ಕರಿದಿರಬಹುದು, ನಿಮ್ಮ ಅತ್ತೆಯವರಿಗೆ ಇದು ಮುಖ್ಯವಾದೀತು. ಡಿಸ್ನಿಯ ಮೆನುಗಳಲ್ಲಿ 2019ರಿಂದ ಹಸಿರು ಎಲೆಯ ಚಿಹ್ನೆ ಹಾಕುತ್ತಾರೆ. ಆ ಚಿಹ್ನೆ ಇದ್ದರೆ ಮಾಂಸ, ಮೀನು, ಹಾಲು, ಮೊಟ್ಟೆ, ಜೇನು ಯಾವುದೂ ಇಲ್ಲವೆಂದು ಅರ್ಥ. ಕೂತು ಉಣ್ಣುವ ಹೋಟೆಲಾದರೆ ಬಾಣಸಿಗರನ್ನೇ ಕರೆಸಿ ಕೇಳಬಹುದು. ಸಂಕೋಚ ಬೇಡ, ಅಲರ್ಜಿ ಇರುವ ಮಕ್ಕಳ ತಾಯಂದಿರು ದಿನವೂ ಕೇಳುತ್ತಿರುತ್ತಾರೆ.

ಇನ್ನೊಂದು ಎಚ್ಚರಿಕೆ: ಕೋಣೆಯಲ್ಲಿ ಅಡುಗೆ ಮಾಡುವ ಸಾಹಸ ಬೇಡ. ಒಮ್ಮೆ, ಎಲ್ಲಿ ಎಂದು ಹೇಳುವುದಿಲ್ಲ, ಸಣ್ಣ ವಿದ್ಯುತ್ ಒಲೆ ಇಟ್ಟು ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ ಹಾಕಿದೆ. ಹೊಗೆಯ ಗಂಟೆ ಬಾರಿಸಿತು. ರಾತ್ರಿ ಒಂಬತ್ತಕ್ಕೆ ಆ ಅಂತಸ್ತಿನವರೆಲ್ಲ ಮೆಟ್ಟಿಲಿಳಿದು ಹುಲ್ಲುಹಾಸಿನ ಮೇಲೆ ನಿಂತರು. ನಾನೂ ಏನೂ ಅರಿಯದವನ ಹಾಗೆ ಅವರ ನಡುವೆ ನಿಂತಿದ್ದೆ, ಮೈಯೆಲ್ಲ ಇಂಗಿನ ಪರಿಮಳ. ತಪ್ಪು ನನ್ನದೇ, ಒಲೆ ತರಬಾರದೆಂದು ನಿಯಮದಲ್ಲೇ ಬರೆದಿತ್ತು.

ತುಂಗಾತೀರ:
ನಕ್ಕು ನಕ್ಕು ಸಾಕಾಯಿತು, ಕುಡ್ಲದ ಅಣ್ಣ. ನಮ್ಮ ಕೋಣೆಯಲ್ಲಿ ಸಣ್ಣ ಫ್ರಿಜ್ ಇದೆ, ಮೈಕ್ರೋವೇವ್ ಇಲ್ಲ; ಕೆಳಗಿನ ಫುಡ್ ಕೋರ್ಟಿನಲ್ಲಿದೆಯಂತೆ. ಟ್ಯಾಂಪಾದವರೇ, ಪಾರ್ಕ್‌ಗಳ ಒಳಗೆ ಏನು ಸಿಗುತ್ತದೆ ಎಂದು ಇನ್ನೂ ಹೇಳಲಿಲ್ಲ ನೀವು. ಮೂರೂ ಹೊತ್ತು ಡಬ್ಬಿಯಿಂದಲೇ ಆಗುವುದಿಲ್ಲ, ಆಗಲೂಬಾರದು. ಮಗಳಿಗೆ ಹೊಸದನ್ನು ತಿನ್ನಿಸುವ ಆಸೆ ನನಗೂ ಇದೆ.

ಟ್ಯಾಂಪಾ ಕನ್ನಡಿಗ:
ಮೆನು ಆಗಾಗ ಬದಲಾಗುತ್ತದೆ, ಹೊರಡುವ ವಾರ ಆ್ಯಪ್‌ನಲ್ಲಿ ಒಮ್ಮೆ ನೋಡಿಕೊಳ್ಳಿ. ಜಾಗಗಳನ್ನಷ್ಟೇ ಹೇಳುತ್ತೇನೆ.

ಮಕ್ಕಳ ಊಟದ ಬಗ್ಗೆ ಮೊದಲು. ಡಿಸ್ನಿಯಲ್ಲಿ ಮೂರರಿಂದ ಒಂಬತ್ತು ವರ್ಷದವರು ಮಕ್ಕಳ ಲೆಕ್ಕ. 2006ರಲ್ಲಿ ಅವರು ಮಕ್ಕಳ ಊಟದ ಜೊತೆಗೆ ತಾವಾಗಿಯೇ ಫ್ರೈಸ್, ಸೋಡಾ ಕೊಡುವುದನ್ನು ಬಿಟ್ಟು ಹಣ್ಣು, ತರಕಾರಿ, ಕಡಿಮೆ ಕೊಬ್ಬಿನ ಹಾಲು, ನೀರು, ಹಣ್ಣಿನ ರಸ ಇಡುವ ಕ್ರಮ ತಂದರು. 2012ರಲ್ಲಿ ಪೌಷ್ಟಿಕಾಂಶದ ಮಿತಿಗೆ ಒಳಪಟ್ಟ ಊಟಗಳಿಗೆ ಮಿಕ್ಕಿ ಚೆಕ್ ಎಂಬ ಗುರುತನ್ನೂ ತಂದರು. ಆ್ಯಪ್‌ನಲ್ಲಿ ಆರಿಸುವಾಗ ಜೊತೆಗೆ ಏನು ಬೇಕೆಂದು ಕೇಳುತ್ತದೆ, ಅಲ್ಲಿ ಗಮನವಿಟ್ಟರೆ ಅರ್ಧ ಕೆಲಸ ಮುಗಿಯಿತು. ಮುಖ್ಯ ತಿಂಡಿ ಮಾತ್ರ ನಗೆಟ್ಸ್, ಬರ್ಗರ್, ಪಾಸ್ತಾದ ಸುತ್ತಲೇ ಸುತ್ತುತ್ತದೆ. ಅದನ್ನು ತಪ್ಪಿಸಲು ನಾನು ದೊಡ್ಡವರ ತಟ್ಟೆಯೊಂದನ್ನು ತೆಗೆದುಕೊಂಡು ಇಬ್ಬರು ಮಕ್ಕಳಿಗೆ ಹಂಚುತ್ತೇನೆ. ಇಲ್ಲಿನ ಒಂದು ತಟ್ಟೆ ನಮ್ಮ ಒಂದೂವರೆ ಊಟ.

ಅನಿಮಲ್ ಕಿಂಗ್‌ಡಮ್‌ನಿಂದ ಶುರು ಮಾಡಿ, ಊಟದ ದೃಷ್ಟಿಯಿಂದ ನನಗೆ ಅಚ್ಚುಮೆಚ್ಚು. ಅಲ್ಲಿನ ಪಂಡೋರಾ ಎಂಬ ವಿಭಾಗದಲ್ಲಿ ಸತೂಲಿ ಕ್ಯಾಂಟೀನ್ ಇದೆ, 2017ರಲ್ಲಿ ಆ ವಿಭಾಗದ ಜೊತೆಗೇ ತೆರೆದದ್ದು. ಬಟ್ಟಲಿನ ಊಟ: ತಳಕ್ಕೆ ಅನ್ನ, ನೂಡಲ್ಸ್ ಇಂಥವುಗಳಲ್ಲಿ ಒಂದು, ಮೇಲೆ ತೋಫು ಅಥವಾ ಮಾಂಸ, ಜೊತೆಗೆ ತರಕಾರಿ. ಮಕ್ಕಳಿಗೆ ಚಿಕ್ಕ ಬಟ್ಟಲೂ ಉಂಟು. ನಿಮ್ಮ ಬಿಳಿ ಸನ್ಯಾಸಿಗೆ ಅನ್ನ ಸಿಕ್ಕಿತು. ಆಫ್ರಿಕಾ ವಿಭಾಗದಲ್ಲಿ ಹರಾಂಬೆ ಹಣ್ಣಿನ ಅಂಗಡಿ ಇದೆ. ಹಾಂ, ಪ್ರಾಣಿಗಳ ಸುರಕ್ಷತೆಗೆಂದು ಆ ಪಾರ್ಕಿನಲ್ಲಿ ಪ್ಲಾಸ್ಟಿಕ್ ಸ್ಟ್ರಾ ಕೊಡುವುದಿಲ್ಲ. ಸ್ಟ್ರಾ ಇಲ್ಲದೆ ಕುಡಿಯದ ಮಕ್ಕಳಿದ್ದರೆ ಮನೆಯಲ್ಲೇ ಅಭ್ಯಾಸ ಮಾಡಿಸಿ.

ಅತ್ತೆಯವರಿಗಾಗಿ ಒಂದು ಸಂಜೆ ಸನಾ ಹೋಟೆಲಿಗೆ ಹೋಗಿ. ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಕಿದಾನಿ ವಿಲೇಜ್‌ನಲ್ಲಿದೆ, ಪಾರ್ಕಿನ ಟಿಕೆಟ್ ಬೇಡ. ಅಲ್ಲಿನ ಪ್ರಸಿದ್ಧ ತಿನಿಸೇ ನಾನ್, ಕುಲ್ಚಾ, ಪನೀರ್ ಪರಾಠ ಸೇರಿದ ಐದು ಬಗೆಯ ರೊಟ್ಟಿ, ಅದ್ದಿಕೊಳ್ಳಲು ರಾಯತ, ಕೊತ್ತಂಬರಿ ಚಟ್ನಿ, ಹುಣಸೆ ಚಟ್ನಿ, ಉಪ್ಪಿನಕಾಯಿ ಎಂದು ಒಂಬತ್ತು ಬಗೆ. ಬೆಳಕಿರುವಾಗ ಹೋದರೆ ಕಿಟಕಿಯಾಚೆ ಜಿರಾಫೆ, ಜೀಬ್ರಾ ಮೇಯುತ್ತಿರುತ್ತವೆ. ಹಿಟ್ಟಿಗೆ ಮೊಟ್ಟೆ ಹಾಕಿದ್ದಾರೆಯೇ ಎಂದು ಬಾಣಸಿಗರನ್ನು ಕೇಳಿಯೇ ಅವರಿಗೆ ಬಡಿಸಿ. ಕೂತು ಉಣ್ಣುವ ಹೋಟೆಲುಗಳಿಗೆ 60 ದಿನ ಮೊದಲೇ ಕಾಯ್ದಿರಿಸುವಿಕೆ ತೆರೆಯುತ್ತದೆ, ತಡ ಮಾಡಬೇಡಿ.

ಎಪ್ಕಾಟ್‌ನಲ್ಲಿ ಹನ್ನೊಂದು ದೇಶಗಳ ವಿಭಾಗಗಳಿವೆ, ವೈವಿಧ್ಯಕ್ಕೆ ಕೊರತೆಯಿಲ್ಲ. ಆದರೆ ನಾನು ಮಕ್ಕಳನ್ನು ಮೊದಲು ಒಯ್ಯುವುದು ದ ಲ್ಯಾಂಡ್ ಕಟ್ಟಡಕ್ಕೆ. ಅಲ್ಲಿ ದೋಣಿಯಲ್ಲಿ ಕೂರಿಸಿ ಗಾಜಿನ ಹಸಿರುಮನೆಗಳ ಒಳಗೆ ಕರೆದುಕೊಂಡು ಹೋಗುತ್ತಾರೆ. ಮಣ್ಣಿಲ್ಲದೆ ಬೇರು ಇಳಿಬಿಟ್ಟ ಗಿಡಗಳು, ಟೊಮೆಟೊ, ಸೌತೆ, ಬಾಳೆ, ಪಪ್ಪಾಯಿ, ಅಚ್ಚಿನೊಳಗೆ ಬೆಳೆಸಿ ಮಿಕ್ಕಿ ಮುಖ ಬರಿಸಿದ ಕಾಯಿಗಳು. ಹಲಸೂ ಇದೆ. ಅಲ್ಲಿ ಬೆಳೆದದ್ದರಲ್ಲಿ ಒಂದಿಷ್ಟು ಅದೇ ಕಟ್ಟಡದ ಗಾರ್ಡನ್ ಗ್ರಿಲ್ ಹೋಟೆಲಿನ ತಟ್ಟೆಗೂ ಬರುತ್ತದೆ. ಕೆಳಗಿನ ಸನ್‌ಶೈನ್ ಸೀಸನ್ಸ್‌ನಲ್ಲಿ ಬೇಗ ಆಗುವ ಊಟ. ತರಕಾರಿ ಎಂದರೆ ಮುಖ ತಿರುಗಿಸುವ ನನ್ನ ತಂಗಿಯ ಮಗ ದೋಣಿ ಇಳಿದವನೇ ಸೌತೆಕಾಯಿ ಕೇಳಿದ್ದ.

ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಒಂದು ವಿಷಯ ನೆನಪಿಡಿ. ಕಾರು ನಿಲ್ಲಿಸುವ ಜಾಗಕ್ಕೂ ಪಾರ್ಕಿಗೂ ನಡುವೆ ಕೆರೆ ಇದೆ, ಮೊನೊರೈಲ್ ಅಥವಾ ದೋಣಿ ಹಿಡಿಯಬೇಕು. ಊಟವನ್ನು ಕಾರಿನಲ್ಲಿಟ್ಟು ಮಧ್ಯಾಹ್ನ ಹೋಗಿ ತರುತ್ತೇನೆ ಎಂಬ ಯೋಜನೆ ಅಲ್ಲಿ ಕೆಲಸಕ್ಕೆ ಬಾರದು. ಲಿಬರ್ಟಿ ಸ್ಕ್ವೇರ್ ಮಾರ್ಕೆಟ್ ಅಂಗಡಿಯಲ್ಲಿ ಹಣ್ಣು ಸಿಗುತ್ತದೆ. ರಾಯರು ಹೇಳಿದ ದಿನಕ್ಕೊಂದು ಹಪ್ಪಳದ ಲೆಕ್ಕದಲ್ಲಿ ಅಲೋಹಾ ಐಲ್‌ನ ಡೋಲ್ ವಿಪ್ ಇರಲಿ, ಹಾಲಿಲ್ಲದ ಅನಾನಸ್ ಐಸ್‌ಕ್ರೀಮಿನಂಥದ್ದು. ಸಕ್ಕರೆ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಹಾಲಿವುಡ್ ಸ್ಟುಡಿಯೋಸ್ ದಿನಕ್ಕೆ ಚಟ್ನಿಪುಡಿ ಅಕ್ಕನ ಡಬ್ಬಿ.

ನೀರಿಗೆ ಹಣ ಕೊಡಬೇಡಿ. ತಂಪು ಪಾನೀಯ ಸುರಿಯುವ ಯಂತ್ರವಿರುವ ಯಾವ ಕೌಂಟರಿನಲ್ಲೂ ಕೇಳಿದರೆ ಐಸ್ ನೀರಿನ ಲೋಟ ಉಚಿತ. ಫ್ಲಾರಿಡಾದ ನೀರಿನ ರುಚಿ ಎಲ್ಲರಿಗೂ ಹಿಡಿಸುವುದಿಲ್ಲ, ಒಂದೆರಡು ನಿಂಬೆಹಣ್ಣು ಚೀಲದಲ್ಲಿರಲಿ. ಉಪ್ಪು, ಸಕ್ಕರೆಯ ಪುಟ್ಟ ಪೊಟ್ಟಣವೂ ಇದ್ದರೆ ಬಿಸಿಲಿಗೆ ಪಾನಕವೇ ಆಯಿತು.

ಚಟ್ನಿಪುಡಿ:
ಅಲ್ಲಿನ ಅಂಗಡಿಗಳಿಗೆ ಹೋಗುವುದಾದರೆ ಪಬ್ಲಿಕ್ಸ್‌ನಲ್ಲಿ ಹಾಲು, ಮೊಸರು, ಬಾಳೆಹಣ್ಣು, ಎಳೆ ಸೌತೆ ಸಿಗುತ್ತವೆ. ದಕ್ಷಿಣ ಆರೆಂಜ್ ಬ್ಲಾಸಮ್ ಟ್ರೇಲ್ ರಸ್ತೆಯ ಕಡೆ ನಮ್ಮವರ ದಿನಸಿ ಅಂಗಡಿಗಳಿವೆ. ಊರಿನಿಂದ ಬರುವವರ ಕೈಲಿ ಏನೇನೋ ತರಿಸಬೇಡ ತಂಗೀ. ತಂದ ತಿಂಡಿಯನ್ನೆಲ್ಲ ವಿಮಾನ ನಿಲ್ದಾಣದಲ್ಲಿ ತೋರಿಸಿ ಘೋಷಿಸಬೇಕು. ಹಸಿ ಹಣ್ಣು, ತರಕಾರಿ ಬಿಡುವುದಿಲ್ಲ, ಅಕ್ಕಿ, ಕಡಲೆಕಾಳಿಗೂ ತಡೆಯಿದೆ. ಖಪ್ರಾ ಎಂಬ ಧಾನ್ಯದ ಹುಳುವಿನ ಭಯ ಅವರಿಗೆ. ಮೊಸರನ್ನದ ವಿಷಯದಲ್ಲಿ ಡೈರಿ ಅಮ್ಮನ ಮಾತೇ ಸರಿ, ಬಾಟಲಿಯ ಉಪಾಯ ನಾನೂ ಮಾಡುತ್ತೇನೆ. ಅಜ್ಜಿಯನ್ನು ಮಾತ್ರ ಮತ್ತೆ ಎಳೆಯಬೇಡಿ.

ತುಂಗಾತೀರ:
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಹೋಗಿ ಬಂದೆವು.

ಮೊದಲ ದಿನ ಮ್ಯಾಜಿಕ್ ಕಿಂಗ್‌ಡಮ್. ಬೆಳಿಗ್ಗೆ ಆರಕ್ಕೇ ಹುರಿಹಿಟ್ಟು ಕುಡಿಸಿದೆ. ಮಗ ಅದರ ಬಣ್ಣ ನೋಡಿ ಬಾಯಿ ಮುಚ್ಚಿಕೊಂಡ. ಚಾಕೊಲೇಟ್ ಹಾಲು ಎಂದು ಅತ್ತೆ ಸುಳ್ಳು ಹೇಳಿದರು, ನಾನು ಕೇಳಿಸದವಳ ಹಾಗೆ ಇದ್ದೆ. ಅರ್ಧ ಲೋಟ ಇಳಿಯಿತು. ಬಾಗಿಲಲ್ಲಿ ಚೀಲ ತಪಾಸಣೆ ಮಾಡುವವರು ಗೊಜ್ಜವಲಕ್ಕಿಯ ಡಬ್ಬಿ ಎತ್ತಿ ಹಿಡಿದು ಏನಿದು ಎಂದರು. ಯಜಮಾನರು ಅದನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೊರಟು, ಅಕ್ಕಿಯಿಂದ ಆರಂಭಿಸಿ ಹುಣಸೆಮರದವರೆಗೆ ಹೋದರು. ಹಿಂದಿನ ಸಾಲು ಬೆಳೆಯುವುದನ್ನು ಕಂಡು ಆತ ನಗುತ್ತ ಒಳಗೆ ಕಳಿಸಿದ.

ಹನ್ನೊಂದರ ಊಟವನ್ನು ಮೊದಲ ದಿನ ನಾನೇ ಮುರಿದೆ. ಇನ್ನೊಂದೇ ರೈಡ್ ಎಂದು ಹೋದದ್ದು ಐವತ್ತು ನಿಮಿಷದ ಸಾಲು. ಹೊರಬರುವಾಗ ಒಂದು ಗಂಟೆ, ಮಗ ನೆಲದ ಮೇಲೆ ಮಲಗಿ ಅಳುತ್ತಿದ್ದ, ಟ್ಯಾಂಪಾದವರು ಬರೆದ ಹಾಗೆಯೇ ಫ್ರೈಸ್ ಕೊಡಿಸಿದೆವು. ಎರಡನೆಯ ದಿನದಿಂದ ಯಜಮಾನರ ಕೈಗಡಿಯಾರದಲ್ಲಿ ಹತ್ತು ಐವತ್ತಕ್ಕೆ ಅಲಾರಂ. ಅದು ಬಡಿದರೆ ರಾಜಕುಮಾರಿ ಎದುರಿಗೆ ನಿಂತಿದ್ದರೂ ಊಟಕ್ಕೆ ನಡೆಯುವುದು.

ಸತೂಲಿಯಲ್ಲಿ ಮಗಳು ತೋಫು ತಿಂದಳು, ಮಗ ಬರೀ ಅನ್ನ ತಿಂದ. ನಾನು ಚೀಲದಿಂದ ಮೊಸರಿನ ಡಬ್ಬಿ ತೆಗೆದು ಅದರ ಮೇಲೆ ಸುರಿದೆ. ಪಕ್ಕದ ಮೇಜಿನ ಅಮೆರಿಕನ್ ಅಜ್ಜಿಯೊಬ್ಬರು ನೋಡುತ್ತಲೇ ಇದ್ದು, ಕೊನೆಗೆ ತಮ್ಮ ಮೊಮ್ಮಗನಿಗೂ ಹೀಗೆ ಮಾಡಬಹುದೇ ಎಂದು ಕೇಳಿದರು. ಅಂದು ಸಂಜೆ ಸನಾಕ್ಕೆ ಹೋದೆವು. ಬಾಣಸಿಗರು ಬಂದು ಯಾವುದರಲ್ಲಿ ಏನಿದೆ ಎಂದು ಒಂದೊಂದನ್ನೇ ತೋರಿಸಿ ಹೇಳಿದರು. ಅತ್ತೆ ನಾಲ್ಕು ದಿನದಲ್ಲಿ ಮೊದಲ ಬಾರಿಗೆ ಉಪ್ಪಿನಕಾಯಿ ನೆಕ್ಕಿ, ಇದು ನಮ್ಮ ಅಪ್ಪೆಮಿಡಿಯ ಮುಂದೆ ಏನೂ ಅಲ್ಲ ಎಂದರು. ಬಟ್ಟಲನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ. ಜಿರಾಫೆಯೊಂದು ಕಿಟಕಿಯ ಹತ್ತಿರ ಬಂದು ಎಲೆ ಜಗಿಯುತ್ತ ನಿಂತಿತ್ತು. ಅದೂ ಊಟ ಮಾಡುತ್ತಿದೆ, ನೀನೂ ಮಾಡು ಎಂದದ್ದಕ್ಕೆ ಮಗ ಕುಲ್ಚಾದ ಒಂದು ತುಂಡು ತಿಂದ. ಬಿಳಿಯಲ್ಲದ ಆಹಾರ, ದಾಖಲೆಯಾಗಲಿ.

ಯೂನಿವರ್ಸಲ್ ದಿನ ಹಣ್ಣು, ಚಿಕ್ಕಿಯಲ್ಲೇ ಬೆಳಿಗ್ಗೆ ತಳ್ಳಿ, ಮಧ್ಯಾಹ್ನ ಹೊರಗೆ ಬಂದು ಉಂಡೆವು. ಹಾಲಿವುಡ್ ಸ್ಟುಡಿಯೋಸ್ ದಿನ ಮಳೆ. ಫ್ಲಾರಿಡಾದ ಆ ಮಧ್ಯಾಹ್ನದ ಗುಡುಗುಮಳೆಯಲ್ಲಿ ಒಂದು ಸೂರಿನ ಕೆಳಗೆ ಐವರೂ ಮೆಂತ್ಯದ ಚಪಾತಿ ಸುರುಳಿ ತಿನ್ನುತ್ತ ನಿಂತದ್ದೇ ನನಗೆ ಆ ಪ್ರವಾಸದ ಅತ್ಯಂತ ರುಚಿಯಾದ ಊಟ. ಚಟ್ನಿಪುಡಿ ಅಕ್ಕ, ನಿಮಗೆ ಕೈ ಮುಗಿದೆ. ಗೊಜ್ಜವಲಕ್ಕಿ ಮಾತ್ರ ಮಕ್ಕಳಿಗೆ ಖಾರವಾಯಿತು, ನಾವು ಮೂವರೇ ಮುಗಿಸಿದೆವು. ಶೌಚಾಲಯದ ಬಾಗಿಲಲ್ಲಿ ಈ ಸಲ ಯಾರೂ ಕಾಯಲಿಲ್ಲ, ಇಷ್ಟು ಹೇಳಿದರೆ ಸಾಕು.

ಎಪ್ಕಾಟ್‌ನ ದೋಣಿಯಲ್ಲಿ ಅತ್ತೆಯೇ ಮೊದಲು ಕೂಗಿದ್ದು: ಅಯ್ಯೋ, ಹಲಸಿನಕಾಯಿ!

ಹಳೇ ಮೈಸೂರು:
ಬೇರೆಲ್ಲ ಸರಿ ತಾಯಿ, ಆ ಹಲಸಿನ ತೊಳೆ ಏನಾದರೂ ಕೊಟ್ಟರೇ?

ತುಂಗಾತೀರ:
ಇಲ್ಲ ರಾಯರೇ, ದೋಣಿ ನಿಲ್ಲುವುದೇ ಇಲ್ಲ. ಇಳಿದ ಮೇಲೆ ಅತ್ತೆ ಇನ್ನೊಂದು ಸಲ ಹೋಗೋಣವೆಂದರು. ಎರಡನೆಯ ಸುತ್ತಿನಲ್ಲಿ ಕಾಯಿ ಬಲಿತಿದೆಯೇ ಎಂದು ನೋಡಿ, ಇನ್ನೂ ಹದಿನೈದು ದಿನ ಬೇಕು ಎಂದು ತೀರ್ಪು ಕೊಟ್ಟರು.